ಪರದೆ ಇಲ್ಲದ ಸ್ಮಾಲ್‌ಟಾಕ್ ಸರ್ವರ್: ನಿಲ್ಲದೆ ಓಡಿಸುವುದು ಹೇಗೆ?

ಪ್ರಶ್ನೆ: ಸ್ಮಾಲ್‌ಟಾಕ್ ಭಾಷೆಯ ಒಂದು ರೂಪವಾದ ಫಾರೋದಲ್ಲಿ ಒಂದು ಸಣ್ಣ ವೆಬ್ ಆ್ಯಪ್ ಬರೆದಿದ್ದೇನೆ. ನಮ್ಮ ಓದುಗರ ಬಳಗದ ಪುಸ್ತಕಗಳನ್ನು ಯಾರು ಒಯ್ದರು, ಯಾವಾಗ ವಾಪಸ್ ತಂದರು ಅನ್ನುವ ಲೆಕ್ಕ ಅದರಲ್ಲಿದೆ. ಲ್ಯಾಪ್‌ಟಾಪ್‌ನಲ್ಲಿ ಚೆನ್ನಾಗಿ ಓಡುತ್ತದೆ. ಬಾಡಿಗೆಯ ಲಿನಕ್ಸ್ ಸರ್ವರ್‌ಗೆ ಹಾಕಿದ ಮೇಲೆ ತೊಂದರೆ ಶುರುವಾಯಿತು. ಎಸ್‌ಎಸ್‌ಎಚ್ ಮುಚ್ಚಿದ ಕೂಡಲೇ ಆ್ಯಪ್ ನಿಲ್ಲುತ್ತಿತ್ತು. ನೋಹಪ್ ಹಾಕಿದ ಮೇಲೆ ಓಡುತ್ತಿದೆ, ಆದರೆ ಆಗಾಗ ಉತ್ತರ ಕೊಡುವುದನ್ನೇ ನಿಲ್ಲಿಸುತ್ತದೆ. ಪಿಎಸ್‌ನಲ್ಲಿ ನೋಡಿದರೆ ಪ್ರೋಸೆಸ್ ಇದ್ದೇ ಇರುತ್ತದೆ. ಕೊಂದು ಮತ್ತೆ ಶುರು ಮಾಡಿದರೆ ಹಿಂದಿನ ದಿನಗಳ ನಮೂದುಗಳು ಇರುವುದಿಲ್ಲ. ಇದನ್ನು ಸರಿಯಾಗಿ ಹಿನ್ನೆಲೆಯಲ್ಲಿ ಓಡಿಸುವ ದಾರಿ ಯಾವುದು? ಡಾಕರ್‌ಗೆ (ಆ್ಯಪನ್ನು ಕಂಟೇನರ್ ಎಂಬ ಪ್ರತ್ಯೇಕ ಪೆಟ್ಟಿಗೆಯಲ್ಲಿ ಓಡಿಸುವ ಉಪಕರಣ) ಹೋಗಲೇಬೇಕೇ?

ಉತ್ತರ: ನೀವು ಕೇಳಿದ್ದು ಒಂದು ಪ್ರಶ್ನೆ, ಆದರೆ ಅದರೊಳಗೆ ಮೂರು ತೊಂದರೆಗಳಿವೆ. ಟರ್ಮಿನಲ್ ಮುಚ್ಚಿದಾಗ ಆ್ಯಪ್ ಸಾಯುವುದು ಒಂದು. ಬದುಕಿದ್ದೂ ಉತ್ತರ ಕೊಡದಿರುವುದು ಇನ್ನೊಂದು. ಡೇಟಾ ಹೋಗುವುದು ಮೂರನೆಯದು. ಮೊದಲನೆಯದು ಬರೀ ಲಿನಕ್ಸ್‌ನ ವಿಷಯ, ಬೇಗ ಮುಗಿಯುತ್ತದೆ. ಉಳಿದೆರಡು ಸ್ಮಾಲ್‌ಟಾಕ್‌ನ ಸ್ವಭಾವದಿಂದಲೇ ಬಂದವು. ಅವುಗಳಿಗೆ ಸ್ವಲ್ಪ ಜಾಸ್ತಿ ಹೊತ್ತು ಬೇಕು.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಇಮೇಜ್ (ಕೋಡ್, ಡೇಟಾ ಎಲ್ಲ ಸೇರಿ ಓಡುತ್ತಿರುವ ನಿಮ್ಮ ಸ್ಮಾಲ್‌ಟಾಕ್, ವಿವರ ಮುಂದಿದೆ) ಸಾಯಲೇಬಾರದು ಎಂದು ಹೆಣಗಬೇಡಿ. ಯಾವ ಕ್ಷಣದಲ್ಲಿ ಸತ್ತರೂ ಏನೂ ನಷ್ಟವಾಗಬಾರದು, ಪ್ರತಿ ಸಲವೂ ಒಂದೇ ಶುದ್ಧ ಸ್ಥಿತಿಯಿಂದ ಏಳಬೇಕು. ನಿಮ್ಮ ಪ್ರೋಗ್ರಾಂ ಹಾಗಿದ್ದರೆ ಅದನ್ನು ಕಾಯುವ ಕೆಲಸವನ್ನು ಸಿಸ್ಟಮ್‌ಡಿ (ಲಿನಕ್ಸ್‌ನಲ್ಲಿ ಸೇವೆಗಳನ್ನು ಶುರು ಮಾಡಿ ನೋಡಿಕೊಳ್ಳುವ ಪ್ರೋಗ್ರಾಂ) ಮಾಡುತ್ತದೆ. ಹಾಗಿಲ್ಲದಿದ್ದರೆ ಯಾವ ಉಪಕರಣ ತಂದರೂ ಇದೇ ಗೋಳು.

ಆಜ್ಞೆಗಳ ಮತ್ತು ಆಯ್ಕೆಗಳ ಹೆಸರುಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲಿ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರದಲ್ಲಿ ಮಾಡಿ.

ಸ್ಮಾಲ್‌ಟಾಕ್ ಹುಟ್ಟಿದ್ದು 1970ರ ದಶಕದಲ್ಲಿ, ಝೆರಾಕ್ಸ್ ಕಂಪನಿಯ ಪಾರ್ಕ್ ಸಂಶೋಧನಾ ಕೇಂದ್ರದಲ್ಲಿ. ಆಲನ್ ಕೇ, ಡ್ಯಾನ್ ಇಂಗಲ್ಸ್, ಅಡೆಲ್ ಗೋಲ್ಡ್‌ಬರ್ಗ್ ಮತ್ತು ಅವರ ತಂಡ ಅದನ್ನು ಕಟ್ಟಿದ್ದು ಪರದೆಯ ಮುಂದೆ ಕೂತ ಒಬ್ಬ ಮನುಷ್ಯನಿಗಾಗಿ. ಕಿಟಕಿಗಳು, ಡಿಬಗ್ಗರ್, ಕೋಡ್, ಡೇಟಾ ಎಲ್ಲವೂ ಒಂದೇ ಮೆಮೊರಿಯಲ್ಲಿ ಇರುತ್ತವೆ. ಆ ಮೆಮೊರಿಯನ್ನು ಹಾಗೇ ಫೈಲಿಗೆ ಇಳಿಸಿದರೆ ಅದೇ ಇಮೇಜ್. 1996ರಲ್ಲಿ ಬಂದ ಸ್ಕ್ವೀಕ್, ಅದರಿಂದ 2008ರಲ್ಲಿ ಕವಲೊಡೆದ ಫಾರೋ, ಎರಡಕ್ಕೂ ಈ ಗುಣ ಬಂದಿದೆ. ಏನಾದರೂ ತಪ್ಪಾದರೆ ಇಮೇಜ್ ಒಂದು ಕಿಟಕಿ ತೆರೆದು ಎದುರಿಗಿರುವವರನ್ನು ಕೇಳುತ್ತದೆ. ಸರ್ವರ್‌ನಲ್ಲಿ ಎದುರಿಗೆ ಯಾರೂ ಇಲ್ಲ, ಅಲ್ವಾ? ನಿಮ್ಮ ತೊಂದರೆಗಳ ಬೇರು ಬಹುಪಾಲು ಇಲ್ಲೇ ಇದೆ.

ಈಗ ಮೊದಲ ತೊಂದರೆ. ಟರ್ಮಿನಲ್ ಮುಚ್ಚಿದಾಗ ಅದರಿಂದ ಶುರುವಾದ ಪ್ರೋಸೆಸ್‌ಗಳಿಗೆ ಹಪ್ ಸಿಗ್ನಲ್ ಹೋಗುತ್ತದೆ. ಅದನ್ನು ಹಿಡಿಯದ ಪ್ರೋಗ್ರಾಂ ಸಾಯುತ್ತದೆ. ನೋಹಪ್ ಮಾಡುವುದು ಇಷ್ಟೇ, ಆ ಸಿಗ್ನಲ್ ಲೆಕ್ಕಕ್ಕೆ ಬರದಂತೆ ನೋಡಿಕೊಳ್ಳುತ್ತದೆ. ಸ್ಕ್ರೀನ್, ಟಿಮಕ್ಸ್ ಕೂಡ ಟರ್ಮಿನಲ್‌ನ್ನು ಜೀವಂತ ಇಡುತ್ತವೆ, ಅಷ್ಟೇ. ಸರ್ವರ್ ರೀಬೂಟ್ ಆದರೆ ಇವು ಯಾವುವೂ ಆ್ಯಪನ್ನು ಮತ್ತೆ ಎಬ್ಬಿಸುವುದಿಲ್ಲ, ಇಮೇಜನ್ನು ಓಡಿಸುವ ವಿಎಂ (ವರ್ಚುವಲ್ ಮೆಷಿನ್) ಕ್ರ್ಯಾಶ್ ಆದರೂ ಎಬ್ಬಿಸುವುದಿಲ್ಲ. ಪ್ರಯೋಗಕ್ಕೆ ಟಿಮಕ್ಸ್ ಸಾಕು. ಜನ ನೆಚ್ಚಿಕೊಂಡಿರುವ ಆ್ಯಪ್‌ಗೆ ಸಿಸ್ಟಮ್‌ಡಿ ಯೂನಿಟ್ (ಏನನ್ನು ಹೇಗೆ ಓಡಿಸಬೇಕು ಎಂದು ಹೇಳುವ ಫೈಲ್) ಬರೆಯಿರಿ. ರೂಟ್ ಅಧಿಕಾರ ಇಲ್ಲದಿದ್ದರೆ ಯೂಸರ್ ಯೂನಿಟ್ ಬರೆದು, ಲಾಗಿನ್‌ಸಿಟಿಎಲ್‌ನಲ್ಲಿ ಎನೇಬಲ್-ಲಿಂಗರ್ ಕೊಡಿಸಿಕೊಳ್ಳಿ. ಆಗ ನೀವು ಲಾಗೌಟ್ ಆದರೂ ಯೂನಿಟ್ ಓಡುತ್ತಿರುತ್ತದೆ.

ಯೂನಿಟ್ ಬರೆಯುವ ಮುಂಚೆ ಏನನ್ನು ಓಡಿಸಬೇಕು ಅನ್ನುವುದು ತೀರ್ಮಾನವಾಗಬೇಕು. ಹೆಚ್ಚಿನವರು ಲ್ಯಾಪ್‌ಟಾಪ್‌ನಲ್ಲಿ ಕೆಲಸ ಮಾಡಿದ ಇಮೇಜನ್ನೇ ಸೇವ್ ಮಾಡಿ ಸರ್ವರ್‌ಗೆ ಕಾಪಿ ಮಾಡುತ್ತಾರೆ. ವೆಬ್ ಸರ್ವರ್ ಆಗಲೇ ಒಳಗೆ ಓಡುತ್ತಿರುತ್ತದೆ, ಇಮೇಜ್ ಎದ್ದರೆ ಅದೂ ಏಳುತ್ತದೆ ಅನ್ನುವುದು ಲೆಕ್ಕಾಚಾರ. ಇದು ಓದುತ್ತಿದ್ದ ಪುಸ್ತಕದ ಹಾಳೆ ಮಡಚಿಟ್ಟಂತೆ: ನಿಲ್ಲಿಸಿದ ಜಾಗದಿಂದಲೇ ಮುಂದುವರಿಯುತ್ತದೆ. ಅನುಕೂಲವೂ ಅದೇ, ಅಪಾಯವೂ ಅದೇ. ತೆರೆದಿಟ್ಟ ಡಿಬಗ್ಗರ್ ಕಿಟಕಿಗಳು, ಅರ್ಧಕ್ಕೆ ನಿಂತ ಪ್ರೋಸೆಸ್‌ಗಳು, ಪರೀಕ್ಷೆಗೆ ಹಾಕಿದ ಡೇಟಾ, ನಿಮ್ಮ ಪಾಸ್‌ವರ್ಡ್ ಎಲ್ಲ ಜೊತೆಗೇ ಹೋಗುತ್ತವೆ. ಸಾಕೆಟ್‌ಗಳು (ನೆಟ್‌ವರ್ಕ್ ಸಂಪರ್ಕದ ತುದಿಗಳು) ಮತ್ತು ತೆರೆದ ಫೈಲ್‌ಗಳು ಮಾತ್ರ ಹೋಗುವುದಿಲ್ಲ. ಅವು ಲಿನಕ್ಸ್ ಕೊಟ್ಟ ಹಿಡಿಕೆಗಳು, ಇಮೇಜ್ ಮತ್ತೆ ಎದ್ದಾಗ ಅವುಗಳಿಗೆ ಬೆಲೆಯಿಲ್ಲ. ಹಾಗೆ ಎದ್ದಾಗ ಹೊಸದಾಗಿ ತೆರೆಯಬೇಕಾದ್ದನ್ನು ತೆರೆಯಲು ಫಾರೋದಲ್ಲಿ ಸೆಷನ್‌ಮ್ಯಾನೇಜರ್ ಇದೆ. ಅದರಲ್ಲಿ ನೋಂದಾಯಿಸಿದ ಕ್ಲಾಸ್‌ಗಳಿಗೆ ಏಳುವಾಗ ಸ್ಟಾರ್ಟ್‌ಅಪ್, ಮಲಗುವಾಗ ಶಟ್‌ಡೌನ್ ಮೆಸೇಜ್ ಬರುತ್ತದೆ. ಝಿಂಕ್ ಎಚ್‌ಟಿಟಿಪಿ ಸರ್ವರ್ ಇದನ್ನು ಬಳಸಿಕೊಳ್ಳುತ್ತದೆ. ಆದರೆ ನೀವೇ ತೆರೆದ ಡೇಟಾಬೇಸ್ ಸಂಪರ್ಕವನ್ನು ನೀವು ನೋಂದಾಯಿಸದಿದ್ದರೆ ಅದು ಸತ್ತ ಹಿಡಿಕೆಯನ್ನು ಹಿಡಿದುಕೊಂಡೇ ಏಳುತ್ತದೆ.

ಇದಕ್ಕಿಂತ ಒಳ್ಳೆಯ ದಾರಿ ಇದೆ. ಕೋಡನ್ನು ಗಿಟ್‌ನಲ್ಲಿ ಇಡಿ. ಸರ್ವರ್‌ಗೆ ಬೇಕಾದ ಇಮೇಜನ್ನು ಪ್ರತಿ ಸಲ ಹೊಸ ಫಾರೋ ಇಮೇಜಿನಿಂದ ಕಟ್ಟಿ. ಮೆಟಾಸೆಲೋ ಆಜ್ಞೆಗೆ ನಿಮ್ಮ ಬೇಸ್‌ಲೈನ್ (ಆ್ಯಪ್‌ಗೆ ಏನೇನು ಬೇಕು ಎಂದು ಪಟ್ಟಿ ಮಾಡಿದ ಕ್ಲಾಸ್) ಹೆಸರು ಕೊಟ್ಟರೆ ಅದು ಕೋಡನ್ನೂ ಅದಕ್ಕೆ ಬೇಕಾದ ಲೈಬ್ರರಿಗಳನ್ನೂ ತುಂಬಿ ಇಮೇಜನ್ನು ಸೇವ್ ಮಾಡುತ್ತದೆ. ಈ ಇಮೇಜಿನಲ್ಲಿ ಸರ್ವರ್ ಓಡುತ್ತಿರಬಾರದು, ಕೋಡ್ ಮಾತ್ರ ಇರಬೇಕು. ಶುರು ಮಾಡುವಾಗ ಆಜ್ಞೆಯ ಸಾಲಿನಲ್ಲೇ ಇವ್ಯಾಲ್ ಹ್ಯಾಂಡ್ಲರ್‌ಗೆ ನಿಮ್ಮ ಕ್ಲಾಸ್‌ನ ಒಂದು ಮೆಸೇಜ್ ಕೊಡಿ, ಅದು ಪೋರ್ಟ್ ತೆರೆದು ಕೆಲಸ ಆರಂಭಿಸಲಿ. ಇವ್ಯಾಲ್ ತನ್ನ ಕೆಲಸ ಮುಗಿದ ಕೂಡಲೇ ಇಮೇಜನ್ನೇ ಮುಚ್ಚಿಬಿಡುತ್ತದೆ. ಹಾಗಾಗಿ ನೋ-ಕ್ವಿಟ್ ಆಯ್ಕೆ ಸೇರಿಸಿ. ಶುರುವಾದ ಅರೆಕ್ಷಣದಲ್ಲೇ ಆ್ಯಪ್ ತಣ್ಣಗೆ ಮುಗಿದುಹೋದರೆ, ಎರರ್ ಕೂಡ ಕಾಣದಿದ್ದರೆ, ಈ ಆಯ್ಕೆ ಬಿಟ್ಟುಹೋಗಿದೆಯೇ ಎಂದು ಮೊದಲು ನೋಡಿ. ನೋ-ಡೀಫಾಲ್ಟ್-ಪ್ರಿಫರೆನ್ಸಸ್ ಆಯ್ಕೆಯನ್ನೂ ಹಾಕಿ. ಆಗ ಆ ಯೂಸರ್‌ನ ಹೋಮ್ ಫೋಲ್ಡರ್‌ನಲ್ಲಿ ಬಿದ್ದಿರುವ ಯಾವುದೋ ಸ್ಟಾರ್ಟಪ್ ಸ್ಕ್ರಿಪ್ಟ್ ನಿಮ್ಮ ಇಮೇಜಿನೊಳಗೆ ನುಗ್ಗುವುದಿಲ್ಲ.

ಹೆಡ್‌ಲೆಸ್ (ಪರದೆ ಇಲ್ಲದೆ ಓಡು) ಅನ್ನುವುದು ವಿಎಂಗೆ ಕೊಡುವ ಆಯ್ಕೆ, ಇಮೇಜ್ ಹೆಸರಿಗಿಂತ ಮುಂಚೆ ಬರಬೇಕು. ಫಾರೋ 9ರಿಂದ ವಿಎಂ ತಾನಾಗಿ ಕಿಟಕಿ ತೆರೆಯುವುದಿಲ್ಲ, ಇಮೇಜ್ ಕೇಳಿದರೆ ಮಾತ್ರ ತೆರೆಯುತ್ತದೆ. ಸ್ಕ್ವೀಕ್‌ನಲ್ಲಾದರೆ ವಿಎಂ-ಡಿಸ್‌ಪ್ಲೇ-ನಲ್ ಅನ್ನುವ ಆಯ್ಕೆ ಇದೆ.

ಇನ್ನು ಯೂನಿಟ್ ಫೈಲ್. ಆ್ಯಪ್‌ಗೆ ಅಂತಲೇ ಒಬ್ಬ ಯೂಸರ್‌ನ್ನು ಮಾಡಿ, ರೂಟ್ ಆಗಿ ಓಡಿಸಬೇಡಿ. ವರ್ಕಿಂಗ್‌ಡೈರೆಕ್ಟರಿ ಎಂದು ಒಂದು ಫೋಲ್ಡರ್ ಕೊಡಿ, ಅಲ್ಲಿ ಬರೆಯುವ ಅನುಮತಿ ಆ ಯೂಸರ್‌ಗೆ ಇರಲಿ. ಎರರ್ ಆದಾಗ ಫಾರೋಡಿಬಗ್ ಲಾಗ್, ವಿಎಂ ಬಿದ್ದಾಗ ಕ್ರ್ಯಾಶ್ ಡಂಪ್ ಬರೆಯಲು ಜಾಗ ಬೇಕು. ಆದರೆ ಇಮೇಜ್ ಫೈಲನ್ನು ಓದಲು ಮಾತ್ರ ಅನ್ನುವ ಅನುಮತಿಯಲ್ಲಿ ಇಡಿ. ಎಕ್ಸೆಕ್‌ಸ್ಟಾರ್ಟ್‌ನಲ್ಲಿ ವಿಎಂನ ಪೂರ್ತಿ ಪಾತ್ ಬರೆಯಿರಿ. ನಡುವೆ ನಿಮ್ಮದೇ ಶೆಲ್ ಸ್ಕ್ರಿಪ್ಟ್ ಬೇಕಾದರೆ ಅದರ ಕೊನೆಯ ಸಾಲಿನಲ್ಲಿ ಎಕ್ಸೆಕ್ ಬಳಸಿ ವಿಎಂ ಶುರು ಮಾಡಿ. ಇಲ್ಲದಿದ್ದರೆ ಸಿಸ್ಟಮ್‌ಡಿ ಕಣ್ಣಿಗೆ ಮುಖ್ಯ ಪ್ರೋಸೆಸ್ ಬ್ಯಾಷ್ ಆಗುತ್ತದೆ, ಮುಂದೆ ಹೇಳುವ ಸಿಗ್ನಲ್‌ಗಳು ಅದಕ್ಕೆ ತಗುಲಿ ಬೇರೆಯದೇ ಅವಾಂತರವಾಗುತ್ತದೆ.

ರೀಸ್ಟಾರ್ಟ್ ಅನ್ನುವಲ್ಲಿ ಆಲ್ವೇಸ್ ಎಂದು ಬರೆಯಿರಿ. ಆನ್-ಫೇಲ್ಯೂರ್ ಎಂದು ಬರೆದರೆ, ಇಮೇಜ್ ಸೊನ್ನೆ ಸಂಕೇತ ಕೊಟ್ಟು ಸಭ್ಯವಾಗಿ ಮುಗಿದಾಗ ಸಿಸ್ಟಮ್‌ಡಿ ಸುಮ್ನೆ ಕೂರುತ್ತದೆ. ಸರ್ವರ್‌ಗೆ ಸಭ್ಯವಾಗಿ ಮುಗಿಯುವ ಕಾರಣವೇ ಇಲ್ಲ. ರೀಸ್ಟಾರ್ಟ್‌ಸೆಕ್ 5 ಸೆಕೆಂಡ್ ಇಡಿ. ಏನೂ ಹೇಳದಿದ್ದರೆ ಸಿಸ್ಟಮ್‌ಡಿ 100 ಮಿಲಿಸೆಕೆಂಡ್‌ಗೇ ಮತ್ತೆ ಎಬ್ಬಿಸುತ್ತದೆ, 10 ಸೆಕೆಂಡಿನೊಳಗೆ 5 ಸಲ ಎಬ್ಬಿಸಿದ ಮೇಲೆ ಕೈಬಿಡುತ್ತದೆ. ರೀಬೂಟ್ ಆದಾಗ ಡೇಟಾಬೇಸ್ ಏಳುವುದು ಒಂದಿಷ್ಟು ತಡವಾದರೂ ಸಾಕು, ನಿಮ್ಮ ಆ್ಯಪ್ ಆ 5 ಅವಕಾಶಗಳನ್ನೂ ಮುಗಿಸಿಕೊಂಡು ಬಿದ್ದಿರುತ್ತದೆ. 5 ಸೆಕೆಂಡ್ ಅಂತರವಿದ್ದರೆ ಆ ಮಿತಿ ಮುಟ್ಟುವುದೇ ಇಲ್ಲ.

ಸ್ಮಾಲ್‌ಟಾಕ್‌ಗೇ ಸೇರಿದ ಒಂದು ಸಾಲು ಇಲ್ಲಿದೆ, ಇದು ಬಹಳ ಜನರಿಗೆ ಗೊತ್ತಿಲ್ಲ. ಫಾರೋ, ಸ್ಕ್ವೀಕ್‌ಗಳ ವಿಎಂಗೆ ಮೂಲವಾದ ಓಪನ್‌ಸ್ಮಾಲ್‌ಟಾಕ್ ವಿಎಂ ಲಿನಕ್ಸ್‌ನಲ್ಲಿ ಹಾರ್ಟ್‌ಬೀಟ್ ಎಂಬ ಒಂದು ಚಿಕ್ಕ ಥ್ರೆಡ್ ಓಡಿಸುತ್ತದೆ. ಸಮಯ ನೋಡುವುದು, ಹೊರಗಿನ ಘಟನೆಗಳನ್ನು ಗಮನಿಸುವಂತೆ ವಿಎಂನ್ನು ಎಚ್ಚರಿಸುವುದು ಅದರ ಕೆಲಸ. ಆ ಥ್ರೆಡ್‌ಗೆ ಮುಖ್ಯ ಥ್ರೆಡ್‌ಗಿಂತ ಹೆಚ್ಚಿನ ಆದ್ಯತೆ ಬೇಕು. ಸಾಮಾನ್ಯ ಯೂಸರ್‌ಗೆ ಲಿನಕ್ಸ್ ಅದನ್ನು ಕೊಡುವುದಿಲ್ಲ. ಆಗ ವಿಎಂ ಎಚ್ಚರಿಕೆ ಕೊಟ್ಟು, ಲಿಮಿಟ್ಸ್ ಡಾಟ್ ಡಿ ಫೋಲ್ಡರ್‌ನಲ್ಲಿ ಒಂದು ಫೈಲ್ ಹಾಕಿ ಆರ್‌ಟಿಪ್ರಿಯೋ 2 ಎಂದು ಬರೆಯಿರಿ ಅನ್ನುತ್ತದೆ. ನೀವು ಬರೆಯುತ್ತೀರಿ, ಎಸ್‌ಎಸ್‌ಎಚ್‌ನಲ್ಲಿ ಓಡಿಸಿದರೆ ಎಚ್ಚರಿಕೆ ಮಾಯವಾಗಿರುತ್ತದೆ. ಆದರೆ ಸಿಸ್ಟಮ್‌ಡಿ ಸೇವೆಯಾಗಿ ಓಡಿಸಿದರೆ ಮತ್ತೆ ಬರುತ್ತದೆ. ಕಾರಣ ಇಷ್ಟೇ: ಆ ಫೋಲ್ಡರ್ ಓದುವುದು ಲಾಗಿನ್ ಆಗುವಾಗ ಪ್ಯಾಮ್, ಅಂದರೆ ಲಿನಕ್ಸ್‌ನ ಲಾಗಿನ್ ವ್ಯವಸ್ಥೆ. ಸಿಸ್ಟಮ್ ಸೇವೆಗಳು ಲಾಗಿನ್ ಆಗುವುದೇ ಇಲ್ಲ. ಆದ್ದರಿಂದ ಯೂನಿಟ್ ಫೈಲಿನಲ್ಲೇ ಲಿಮಿಟ್‌ಆರ್‌ಟಿಪ್ರಿಯೋ 2 ಎಂದು ಬರೆಯಬೇಕು.

ಮೆಮೊರಿಮ್ಯಾಕ್ಸ್ ಸಾಲನ್ನೂ ಹಾಕಿ. ಇಮೇಜ್ ಎಲ್ಲೋ ಸೋರಿ ಊದಿಕೊಂಡರೆ ಇಡೀ ಸರ್ವರನ್ನು ಉಸಿರುಗಟ್ಟಿಸುವ ಬದಲು ಅದೊಂದೇ ಸತ್ತು ಮತ್ತೆ ಏಳಲಿ. ಪಾಸ್‌ವರ್ಡ್‌ಗಳನ್ನು ಎನ್ವಿರಾನ್‌ಮೆಂಟ್‌ಫೈಲ್‌ನಲ್ಲಿ ಇಟ್ಟು, ಇಮೇಜಿನೊಳಗಿಂದ ಎನ್ವಿರಾನ್‌ಮೆಂಟ್ ಮೂಲಕ ಓದಿಕೊಳ್ಳಿ.

ಈಗ ನಿಮ್ಮ ಎರಡನೆಯ ತೊಂದರೆ. ನಿಜವಾದ ಕಷ್ಟ ಇದರಲ್ಲೇ ಇದೆ. ಪ್ರೋಸೆಸ್ ಇದೆ, ಪೋರ್ಟ್ ಕೂಡ ತೆರೆದಿದೆ, ಉತ್ತರ ಮಾತ್ರ ಇಲ್ಲ. ಸಿಸ್ಟಮ್‌ಡಿ ನೋಡುವುದು ವಿಎಂ ಬದುಕಿದೆಯೇ ಅನ್ನುವುದನ್ನು. ಇಮೇಜಿನ ಒಳಗೆ ಏನಾಗಿದೆ ಅನ್ನುವುದು ಅದಕ್ಕೆ ಕಾಣುವುದಿಲ್ಲ.

ಮೊದಲ ಅನುಮಾನ ಡಿಬಗ್ಗರ್ ಮೇಲೆ. ಯಾರೂ ಹಿಡಿಯದ ಎರರ್ ಬಂದಾಗ ಹಳೆಯ ಇಮೇಜ್‌ಗಳು ಕಾಣದ ಪರದೆಯ ಮೇಲೆ ಡಿಬಗ್ಗರ್ ಕಿಟಕಿ ತೆರೆದು, ಆ ಪ್ರೋಸೆಸನ್ನು ಅಲ್ಲೇ ನಿಲ್ಲಿಸಿ ಕಾಯುತ್ತಾ ಕೂರುತ್ತವೆ. ಆಜ್ಞೆಯ ಸಾಲಿನಿಂದ ಓಡಿಸಿದ ಈಚಿನ ಫಾರೋ ಸ್ಟಾಕನ್ನು (ಆ ಕ್ಷಣಕ್ಕೆ ಯಾವ ಕರೆಯೊಳಗೆ ಯಾವ ಕರೆ ಇದೆ ಅನ್ನುವ ಪಟ್ಟಿ) ಮುದ್ರಿಸಿ ಇಮೇಜನ್ನೇ ಮುಚ್ಚಬಹುದು, ಅದು ಎಷ್ಟೋ ವಾಸಿ. ನಿಲ್ಲುವುದಕ್ಕೆ ಕಿಟಕಿಯೇ ಬೇಕೆಂದಿಲ್ಲ, ಒಂದು ಡೈಲಾಗ್ ಸಾಕು. ಹಳೆಯ ಸ್ಕ್ವೀಕ್ ಇಮೇಜ್‌ಗೆ ಸೋರ್ಸಸ್ ಫೈಲ್ ಸಿಗದಿದ್ದರೆ ಶುರುವಿನಲ್ಲೇ ಒಂದು ಎಚ್ಚರಿಕೆ ತೋರಿಸಿ ಓಕೆ ಒತ್ತುವವರಿಗಾಗಿ ಕಾಯುತ್ತದೆ. ಆ ಎಚ್ಚರಿಕೆಯನ್ನು ಪ್ರಿಫರೆನ್ಸ್‌ನಲ್ಲಿ ಆಫ್ ಮಾಡಬಹುದು. ನೀವು ಝಿಂಕ್ ಬಳಸುತ್ತಿದ್ದರೆ ಡಿಬಗ್‌ಮೋಡ್ ಆನ್ ಆಗಿದೆಯೇ ನೋಡಿ. ಲ್ಯಾಪ್‌ಟಾಪ್‌ನಲ್ಲಿ ಅದು ವರ, ಎರರ್ ಆದ ಜಾಗದಲ್ಲೇ ಡಿಬಗ್ಗರ್ ಸಿಗುತ್ತದೆ. ಸರ್ವರ್‌ನಲ್ಲಿ ಅದು ಆಫ್ ಇರಬೇಕು. ಆಗ ಎರರ್ ಬಂದ ಕೋರಿಕೆಗೆ 500 ಉತ್ತರ ಹೋಗುತ್ತದೆ, ಉಳಿದವು ಮುಂದುವರಿಯುತ್ತವೆ. ಇನ್ನು ನೀವೇ ಫೋರ್ಕ್ ಮಾಡಿದ (ಬೇರೆಯಾಗಿ ಓಡಲು ಬಿಟ್ಟ) ಪ್ರೋಸೆಸ್‌ಗಳಿಗೆ ಈ ರಕ್ಷಣೆ ಇಲ್ಲ. ಗಡುವು ಮೀರಿದವರಿಗೆ ಇಮೇಲ್ ಕಳಿಸುವ ಕೆಲಸವನ್ನು ಫೋರ್ಕ್ ಮಾಡಿದ್ದೀರಿ ಅಂದುಕೊಳ್ಳಿ. ಅದರ ಅತಿ ಹೊರಗಿನ ಬ್ಲಾಕ್‌ಗೆ ಆನ್-ಡು ಹಾಕಿ ಎರರ್ ಹಿಡಿದು, ಲಾಗ್ ಮಾಡಿ, ಮುಂದಕ್ಕೆ ಹೋಗುವಂತೆ ಬರೆಯಿರಿ.

ಎರಡನೆಯ ಅನುಮಾನ ಆದ್ಯತೆಗಳ ಮೇಲೆ. ಸ್ಮಾಲ್‌ಟಾಕ್ ಪ್ರೋಸೆಸ್‌ಗಳು ಲಿನಕ್ಸ್ ಥ್ರೆಡ್‌ಗಳಲ್ಲ. ಎಲ್ಲವೂ ವಿಎಂನ ಒಂದೇ ಥ್ರೆಡ್‌ನಲ್ಲಿ ಸರದಿಯ ಮೇಲೆ ಓಡುತ್ತವೆ. ಆದ್ಯತೆ 10ರಿಂದ 80ರವರೆಗೆ ಇರುತ್ತದೆ, ಸಾಮಾನ್ಯ ಕೆಲಸಕ್ಕೆ 40. ಮೇಲಿನ ಆದ್ಯತೆಯದು ಬಂದರೆ ಕೆಳಗಿನದು ಜಾಗ ಬಿಡುತ್ತದೆ. ಆದರೆ ಸಮಾನ ಆದ್ಯತೆಯವು ತಾವಾಗಿ ಕಾಯುವವರೆಗೆ ಅಥವಾ ಯೀಲ್ಡ್ ಕರೆಯುವವರೆಗೆ ಜಾಗ ಬಿಡುವುದಿಲ್ಲ. ವರ್ಷದ ವರದಿ ತಯಾರಿಸುವ ಒಂದು ಉದ್ದನೆಯ ಲೂಪ್ 40ರಲ್ಲಿ ಓಡುತ್ತಿದ್ದರೆ ಅದೇ ಆದ್ಯತೆಯ ಕೋರಿಕೆಗಳೆಲ್ಲ ಅದು ಮುಗಿಯುವವರೆಗೆ ಬಾಗಿಲಲ್ಲೇ ನಿಂತಿರುತ್ತವೆ. ಅಂಥ ಕೆಲಸವನ್ನು 30ಕ್ಕೆ, ಅಂದರೆ ಯೂಸರ್ ಬ್ಯಾಕ್‌ಗ್ರೌಂಡ್ ಆದ್ಯತೆಗೆ ಇಳಿಸಿ. ಎಫ್‌ಎಫ್‌ಐ (ಬೇರೆ ಭಾಷೆಯ ಕೋಡನ್ನು ಕರೆಯುವ ಸೌಲಭ್ಯ) ಮೂಲಕ ಕರೆದ ಸಿ ಲೈಬ್ರರಿ ಇನ್ನೂ ಬಿಗಿ. ಸಾಮಾನ್ಯ ರೀತಿಯಲ್ಲಿ ಕರೆದರೆ ಅದು ಮರಳುವವರೆಗೆ ಇಡೀ ವಿಎಂ ನಿಲ್ಲುತ್ತದೆ, ಆದ್ಯತೆ 80ರದ್ದೂ ಓಡುವುದಿಲ್ಲ.

ಮೂರನೆಯದು ನಿಧಾನವಾಗಿ ಬರುವ ಕಾಯಿಲೆ. ನಿಮ್ಮ ಆ್ಯಪ್ ದಿನಗಟ್ಟಲೆ ಚೆನ್ನಾಗಿದ್ದು ಆಮೇಲೆ ನಿಲ್ಲುತ್ತದೆ ಅನ್ನುವುದರಿಂದ ನನಗೆ ಇದರ ಮೇಲೇ ಕಣ್ಣು. ಪ್ರತಿ ಸಾಕೆಟ್‌ಗೂ ಇಮೇಜ್ ಮೂರು ಸೆಮಾಫೋರ್‌ಗಳನ್ನು (ಕಾಯುತ್ತಿರುವ ಪ್ರೋಸೆಸ್‌ಗೆ ಏಳು ಎಂದು ಸೂಚಿಸುವ ಆಬ್ಜೆಕ್ಟ್‌ಗಳು) ಒಂದು ಪಟ್ಟಿಯಲ್ಲಿ ನೋಂದಾಯಿಸುತ್ತದೆ. ಆ ಪಟ್ಟಿಯ ಗಾತ್ರಕ್ಕೆ ಮಿತಿ ಇದೆ, ಅದು ಹಲವು ಇಮೇಜ್‌ಗಳಲ್ಲಿ 256. ಅಂದರೆ ಹೆಚ್ಚೂಕಡಿಮೆ 85 ಸಾಕೆಟ್. ತೆರೆದ ಸಂಪರ್ಕವನ್ನು ಎಲ್ಲೋ ಮುಚ್ಚದೇ ಬಿಟ್ಟರೆ, ಅಥವಾ ಬ್ರೌಸರ್‌ಗಳು ಸಂಪರ್ಕಗಳನ್ನು ಹಿಡಿದುಕೊಂಡೇ ಇದ್ದರೆ, ಪಟ್ಟಿ ತುಂಬುತ್ತದೆ. ವಿಎಂನ ಮ್ಯಾಕ್ಸ್‌ಎಕ್ಸ್‌ಟರ್ನಲ್‌ಸೆಮಾಫೋರ್ಸ್ ಮೌಲ್ಯವನ್ನು 1024 ಅಥವಾ 2048ಕ್ಕೆ ಏರಿಸಿ, ಈ ಕೆಲಸವನ್ನು ಶುರುವಿನ ಮೆಸೇಜ್‌ನಲ್ಲೇ ಮಾಡಿ. ಆದರೆ ಸೋರಿಕೆ ಇದ್ದರೆ ಏರಿಸುವುದರಿಂದ ದಿನಗಳು ಸಿಗುತ್ತವೆ, ರೋಗ ಹೋಗುವುದಿಲ್ಲ. ಸಂಪರ್ಕ ತೆರೆದ ಪ್ರತಿ ಕಡೆಯಲ್ಲೂ ಎನ್ಶೂರ್ ಬ್ಲಾಕ್‌ನಲ್ಲಿ ಮುಚ್ಚುತ್ತಿದ್ದೀರಾ ಎಂದು ನೋಡಿ. ಹೊರಗಿನ ಸೇವೆಗಳಿಗೆ ಕಳಿಸುವ ಪ್ರತಿ ಕೋರಿಕೆಗೂ ಟೈಮ್‌ಔಟ್ ಇರಲಿ.

ಇವುಗಳಲ್ಲಿ ಯಾವುದು ಎಂದು ಊಹಿಸುತ್ತಾ ಕೂರಬೇಡಿ. ಮುಂದಿನ ಸಲ ಆ್ಯಪ್ ನಿಂತಾಗ ಕೊಲ್ಲುವ ಮುಂಚೆ ವಿಎಂಗೆ ಯುಎಸ್‌ಆರ್1 ಸಿಗ್ನಲ್ ಕಳಿಸಿ. ಓಪನ್‌ಸ್ಮಾಲ್‌ಟಾಕ್ ವಿಎಂ ಅದಕ್ಕೆ ಸಾಯುವುದಿಲ್ಲ. ಇಮೇಜಿನೊಳಗಿನ ಎಲ್ಲ ಪ್ರೋಸೆಸ್‌ಗಳ ಸ್ಟಾಕ್‌ಗಳನ್ನು ಕ್ರ್ಯಾಶ್ ಡಂಪ್ ಫೈಲಿಗೆ ಬರೆದುಕೊಟ್ಟು ತನ್ನ ಪಾಡಿಗೆ ಮುಂದುವರಿಯುತ್ತದೆ. ಆ ಬರಹವನ್ನು ಹತ್ತು ನಿಮಿಷ ಓದಿದರೆ ಸಾಕು. ಎಲ್ಲರೂ ಒಂದೇ ಮ್ಯೂಟೆಕ್ಸ್‌ಗೆ (ಒಮ್ಮೆಗೆ ಒಬ್ಬರನ್ನೇ ಬಿಡುವ ಬೀಗಕ್ಕೆ) ಕಾಯುತ್ತಿದ್ದಾರೆಯೇ, ಒಂದೇ ಲೂಪ್ ಓಡುತ್ತಿದೆಯೇ, ಸಾಕೆಟ್ ಓದಲು ಕೂತವರು ನೂರಾರು ಮಂದಿಯೇ ಅನ್ನುವುದು ಕಣ್ಣಿಗೆ ಹೊಡೆದು ಕಾಣುತ್ತದೆ. ಸ್ಮಾಲ್‌ಟಾಕ್ ಸರ್ವರ್ ನಡೆಸುವವರು ಕಲಿಯಬೇಕಾದ ಒಂದೇ ಒಂದು ಉಪಾಯ ಹೇಳಿ ಅಂದರೆ ನಾನು ಇದನ್ನೇ ಹೇಳುತ್ತೇನೆ.

ಕಾರಣ ಸಿಗುವವರೆಗೂ ಆ್ಯಪ್ ಓಡಬೇಕಲ್ಲ. ಅದಕ್ಕೆ ಒಂದು ಆರೋಗ್ಯ ತಪಾಸಣೆಯ ಪುಟ ಬರೆಯಿರಿ. ಅದು ಡೇಟಾಬೇಸ್‌ನಿಂದ ಒಂದು ಸಣ್ಣ ಮೌಲ್ಯ ಓದಿ ಸರಿ ಎಂದು ಉತ್ತರಿಸಲಿ. ಒಂದು ಸಿಸ್ಟಮ್‌ಡಿ ಟೈಮರ್ ನಿಮಿಷಕ್ಕೊಮ್ಮೆ ಕರ್ಲ್‌ನಿಂದ ಆ ಪುಟವನ್ನು ಕೇಳಲಿ, 5 ಸೆಕೆಂಡ್ ಮಿತಿ ಇರಲಿ. ಉತ್ತರ ಬರದಿದ್ದರೆ ಯುಎಸ್‌ಆರ್1 ಕಳಿಸಿ, ಎರಡು ಸೆಕೆಂಡ್ ಬಿಟ್ಟು ರೀಸ್ಟಾರ್ಟ್ ಮಾಡಲಿ. ಹೀಗೆ ಮಾಡಿದರೆ ಆ್ಯಪ್ ಮತ್ತೆ ಏಳುತ್ತದೆ, ಯಾಕೆ ನಿಂತಿತು ಅನ್ನುವ ಸಾಕ್ಷಿಯೂ ಉಳಿಯುತ್ತದೆ. ಸಿಸ್ಟಮ್‌ಡಿಯಲ್ಲಿ ವಾಚ್‌ಡಾಗ್ ಸೌಲಭ್ಯ ಇದೆ, ಇಮೇಜೇ ಆಗಾಗ ಬದುಕಿದ್ದೇನೆ ಎಂದು ಹೇಳಬೇಕು. ಅದನ್ನು ಬಳಸುವವರು ಆ ಸಂದೇಶ ಕಳಿಸುವ ಪ್ರೋಸೆಸ್‌ಗೆ ಮೇಲಿನ ಆದ್ಯತೆ ಕೊಟ್ಟುಬಿಡುತ್ತಾರೆ. ಆಗ 40ರವರೆಲ್ಲ ಸಿಕ್ಕಿಬಿದ್ದಿದ್ದರೂ ಅದು ಮಾತ್ರ ತಪ್ಪದೆ ಎಲ್ಲ ಸರಿ ಅನ್ನುತ್ತಿರುತ್ತದೆ. ನಿಜವಾದ ಎಚ್‌ಟಿಟಿಪಿ ಕೋರಿಕೆಯೇ ನಂಬಿಕೆಗೆ ಅರ್ಹ. ಅದು ಗ್ರಾಹಕ ಬರುವ ದಾರಿಯಲ್ಲೇ ಬರುತ್ತದೆ.

ಲಾಗ್ ಬಗ್ಗೆ ಎರಡು ಮಾತು. ಟ್ರಾನ್‌ಸ್ಕ್ರಿಪ್ಟ್‌ಗೆ (ಸ್ಮಾಲ್‌ಟಾಕ್‌ನ ಸಂದೇಶಗಳ ಕಿಟಕಿಗೆ) ಬರೆದದ್ದು ಕಿಟಕಿ ಇಲ್ಲದಿದ್ದರೆ ಯಾರಿಗೂ ಕಾಣುವುದಿಲ್ಲ. ನಾನ್‌ಇಂಟರಾಕ್ಟಿವ್‌ಟ್ರಾನ್‌ಸ್ಕ್ರಿಪ್ಟ್‌ನ ಎಸ್‌ಟಿಡಿಔಟ್ ರೂಪವನ್ನು ಇನ್‌ಸ್ಟಾಲ್ ಮಾಡಿ, ಬರೆದದ್ದೆಲ್ಲ ಸಿಸ್ಟಮ್‌ಡಿಯ ಲಾಗ್ ಆದ ಜರ್ನಲ್‌ಗೆ ಹೋಗುತ್ತದೆ. ನೀವೇ ನೇರವಾಗಿ ಎಸ್‌ಟಿಡಿಔಟ್‌ಗೆ ಬರೆಯುವುದಾದರೆ ಸಾಲಿನ ಕೊನೆಗೆ ಸಿಆರ್ ಬದಲು ಎಲ್‌ಎಫ್ ಕಳಿಸಿ, ಆಮೇಲೆ ಫ್ಲಶ್ ಮಾಡಿ. ಸ್ಮಾಲ್‌ಟಾಕ್‌ನ ಹಳೆಯ ಅಭ್ಯಾಸ ಸಂಕೇತ 13, ಯುನಿಕ್ಸ್ ಎದುರು ನೋಡುವುದು 10. ಇದು ತಪ್ಪಿದರೆ ನೂರು ಸಾಲುಗಳು ಜರ್ನಲ್‌ನಲ್ಲಿ ಒಂದೇ ಸಾಲಾಗಿ ಅಂಟಿಕೊಳ್ಳುತ್ತವೆ.

ಮೂರನೆಯ ತೊಂದರೆ, ಡೇಟಾ. ಇದರಲ್ಲಿ ಮುಂದಿನ ಸಲ ಕೊಲ್ಲುವ ಮುಂಚೆಯೇ ಮಾಡಬೇಕಾದ ಒಂದು ಕೆಲಸವಿದೆ. ಈಗ ಓಡುತ್ತಿರುವ ಇಮೇಜಿನ ಮೆಮೊರಿಯಲ್ಲಿ ಮಾತ್ರ ಹೊಸ ನಮೂದುಗಳಿವೆ. ಆ್ಯಪ್ ಉತ್ತರ ಕೊಡುತ್ತಿರುವಾಗಲೇ ಅದರ ಪಟ್ಟಿ ಪುಟಗಳನ್ನೆಲ್ಲ ಬ್ರೌಸರ್‌ನಿಂದ ಸೇವ್ ಮಾಡಿಟ್ಟುಕೊಳ್ಳಿ. ಸೇವ್ ಆಗದ ಇಮೇಜ್ ಸತ್ತರೆ ಅದರೊಳಗಿನದ್ದನ್ನು ಮರಳಿ ತರುವ ದಾರಿಯಿಲ್ಲ.

ಸಿಸ್ಟಮ್‌ಡಿ ನಿಲ್ಲಿಸುವಾಗ ಟರ್ಮ್ ಸಿಗ್ನಲ್ ಕಳಿಸುತ್ತದೆ. ಫಾರೋ ತಾನಾಗಿ ಅದನ್ನು ಹಿಡಿದು ಇಮೇಜನ್ನು ಸೇವ್ ಮಾಡುವುದಿಲ್ಲ, ಪ್ರೋಸೆಸ್ ತಟ್ಟನೆ ಮುಗಿಯುತ್ತದೆ. ಹಾಗಾದರೆ ಆಗಾಗ ಇಮೇಜನ್ನೇ ಸೇವ್ ಮಾಡಿದರೆ ಆಗದೇ ಎಂದು ಕೇಳಬಹುದು. ಆಗುತ್ತದೆ, ಮಾಡಿದವರೂ ಇದ್ದಾರೆ. ಏವಿ ಬ್ರೈಯಂಟ್ ಮತ್ತು ಜೊತೆಗಾರರು ಕಟ್ಟಿದ ಡ್ಯಾಬಲ್ ಡಿಬಿ ಅನ್ನುವ ಸೇವೆ ಪ್ರತಿ ಗ್ರಾಹಕರಿಗೆ ಒಂದೊಂದು ಸ್ಕ್ವೀಕ್ ಇಮೇಜ್ ಇಡುತ್ತಿತ್ತು. 2010ರಲ್ಲಿ ಟ್ವಿಟರ್ ಅದನ್ನು ಕೊಂಡಿತು. ಅದರ ಹಿಂದೆ ಬಹಳ ಎಚ್ಚರದ ಕೆಲಸ ಬೇಕು. ಸೇವ್ ಆಗುವಾಗ ಇಮೇಜಿನಲ್ಲಿ ಬೇರೇನೂ ಓಡುವುದಿಲ್ಲ. ಬರೆಯುತ್ತಿರುವಾಗ ಕರೆಂಟ್ ಹೋದರೆ ಅದೇ ಹೆಸರಿನ ಹಳೆಯ ಇಮೇಜೂ ಹಾಳಾಗಬಹುದು. ಎರಡು ಸೇವ್‌ಗಳ ನಡುವೆ ಬಂದದ್ದು ಹೇಗೂ ಹೋಗುತ್ತದೆ. ಇನ್ನೂ ದೊಡ್ಡ ತೊಡಕೆಂದರೆ, ಡೇಟಾ ಇಮೇಜಿನೊಳಗಿದ್ದರೆ ಹೊಸ ಕೋಡ್‌ಗೆ ಹೊಸ ಇಮೇಜ್ ಕಟ್ಟಲು ಆಗುವುದಿಲ್ಲ. ಓಡುತ್ತಿರುವ ಅದೇ ಇಮೇಜಿಗೆ ತೇಪೆ ಹಾಕುತ್ತಾ ಹೋಗಬೇಕಾಗುತ್ತದೆ.

ನಿಮ್ಮ ಪುಸ್ತಕದ ಲೆಕ್ಕಕ್ಕೆ ನಾನು ಪೋಸ್ಟ್‌ಗ್ರೆಸ್ ಅನ್ನುತ್ತೇನೆ. ಫಾರೋಗೆ ಪಿ3 ಎಂಬ ಒಳ್ಳೆಯ ಡ್ರೈವರ್ ಇದೆ, ಅದು ಪೂರ್ತಿ ಸ್ಮಾಲ್‌ಟಾಕ್‌ನಲ್ಲೇ ಬರೆದದ್ದು, ಸಾಕೆಟ್ ಮೂಲಕ ಮಾತಾಡುತ್ತದೆ. ಡೇಟಾಬೇಸ್ ಜಾಸ್ತಿ ಆಯಿತು ಅನಿಸಿದರೆ ಒಂದು ಫೈಲ್ ಸಾಕು. ಒಯ್ದದ್ದು, ತಂದದ್ದು ಪ್ರತಿಯೊಂದನ್ನೂ ಒಂದು ಸಾಲಾಗಿ, ಜೇಸನ್ ಅಥವಾ ಸ್ಟೋನ್ (ಜೇಸನ್‌ನಂಥದ್ದೇ ಸ್ಮಾಲ್‌ಟಾಕ್ ಬರಹ) ರೂಪದಲ್ಲಿ, ಫೈಲಿನ ಕೊನೆಗೆ ಸೇರಿಸಿ ಫ್ಲಶ್ ಮಾಡಿ, ಆಮೇಲೆ ಬಳಕೆದಾರರಿಗೆ ಆಯಿತು ಎಂದು ಹೇಳಿ. ಏಳುವಾಗ ಆ ಫೈಲನ್ನು ಮೊದಲಿಂದ ಓದಿ ಆಬ್ಜೆಕ್ಟ್‌ಗಳನ್ನು ಮತ್ತೆ ಕಟ್ಟಿ. ಆಬ್ಜೆಕ್ಟ್‌ಗಳೇ ತಾವಾಗಿ ಉಳಿಯಬೇಕು ಅನ್ನುವ ಆಸೆ ಬಲವಾಗಿದ್ದರೆ ಜೆಮ್‌ಸ್ಟೋನ್ ನೋಡಿ. ಅದು ವ್ಯವಹಾರಗಳನ್ನು ಕಮಿಟ್ ಮಾಡುವ ಸ್ಮಾಲ್‌ಟಾಕ್ ಡೇಟಾಬೇಸ್, ಸರ್ವರ್‌ಗಾಗಿಯೇ ಕಟ್ಟಿದ್ದು.

ಓಡುತ್ತಿರುವ ಇಮೇಜಿನೊಳಗೆ ಇಣುಕಲು ಒಂದು ಕಿಂಡಿ ಬೇಕೇ ಬೇಕು. ಝಿಂಕ್‌ನಲ್ಲಿ ಝಡ್‌ಎನ್‌ರೀಡ್‌ಇವ್ಯಾಲ್‌ಪ್ರಿಂಟ್‌ಡೆಲಿಗೇಟ್ ಎಂಬ ಕ್ಲಾಸ್ ಇದೆ. ಅದನ್ನು ಬೇರೆ ಪೋರ್ಟ್‌ನಲ್ಲಿ ಓಡಿಸಿದರೆ ನೀವು ಪೋಸ್ಟ್ ಮಾಡಿದ ಸ್ಮಾಲ್‌ಟಾಕ್ ಸಾಲನ್ನು ಒಳಗೆ ನಡೆಸಿ ಉತ್ತರ ಕೊಡುತ್ತದೆ. ತೆರೆದ ಸಾಕೆಟ್ ಎಷ್ಟಿವೆ, ಯಾವ ಪ್ರೋಸೆಸ್ ಓಡುತ್ತಿದೆ ಎಂದು ನೇರವಾಗಿ ಕೇಳಬಹುದು. ಆ ಪೋರ್ಟನ್ನು 127.0.0.1ಕ್ಕೆ ಮಾತ್ರ ಕಟ್ಟಿ, ಎಸ್‌ಎಸ್‌ಎಚ್ ಸುರಂಗದ ಮೂಲಕ ತಲುಪಿ. ಹೊರಜಗತ್ತಿಗೆ ತೆರೆದರೆ ಸರ್ವರ್‌ನ ಬೀಗದ ಕೈಯನ್ನೇ ಕೊಟ್ಟ ಹಾಗೆ. ಹಿಂದೆ ಇದೇ ಕೆಲಸಕ್ಕೆ ಇಮೇಜಿನೊಳಗೆ ವಿಎನ್‌ಸಿ ಸರ್ವರ್ ಓಡಿಸಿ ಕಾಣದ ಪರದೆಯನ್ನು ದೂರದಿಂದ ನೋಡುತ್ತಿದ್ದರು. ಹಳೆಯ ಇಮೇಜ್‌ಗಳಿಗೆ ಆ ದಾರಿ ಇನ್ನೂ ಉಪಯುಕ್ತ.

ಏನೂ ಕೆಲಸವಿಲ್ಲದಾಗಲೂ ಸಿಪಿಯು ಸ್ವಲ್ಪ ಓಡುತ್ತಿರುವುದು ಕಂಡರೆ ಗಾಬರಿ ಬೇಡ. ಇಮೇಜಿನ ಖಾಲಿ ಪ್ರೋಸೆಸ್ ಒಂದು ಮಿಲಿಸೆಕೆಂಡ್‌ಗೆ ಒಮ್ಮೆ ಎದ್ದು ನೋಡುತ್ತದೆ. ಅದಕ್ಕಿಂತ ಎದ್ದುಕಾಣುವಷ್ಟು ಜಾಸ್ತಿ ಇದ್ದರೆ ಕಾಣದ ಪರದೆಯನ್ನು ಮತ್ತೆ ಮತ್ತೆ ಬರೆಯುವ ಯುಐ ಪ್ರೋಸೆಸ್ ಓಡುತ್ತಿರಬಹುದು, ಅದನ್ನು ನಿಲ್ಲಿಸಿ. ಒಂದು ಇಮೇಜ್ ಒಂದೇ ಕೋರ್ ಬಳಸುತ್ತದೆ. ನಾಳೆ ಬಳಕೆ ಹೆಚ್ಚಿದರೆ ಎರಡು ಮೂರು ಇಮೇಜ್‌ಗಳನ್ನು ಬೇರೆ ಬೇರೆ ಪೋರ್ಟ್‌ನಲ್ಲಿ ಓಡಿಸಿ ಮುಂದೆ ಕೋರಿಕೆಗಳನ್ನು ಹಂಚುವ ಎನ್‌ಜಿನ್‌ಎಕ್ಸ್ ಇಡಿ. ಪ್ರತಿಯೊಂದಕ್ಕೂ ಬೇರೆ ಫೋಲ್ಡರ್ ಕೊಡಿ. ಕೋಡ್ ಬದಲಾವಣೆಗಳನ್ನು ದಾಖಲಿಸುವ ಒಂದೇ ಚೇಂಜಸ್ ಫೈಲಿಗೆ ಇಬ್ಬರು ಬರೆಯುವ ಪರಿಸ್ಥಿತಿ ಬರಬಾರದು.

ಕೊನೆಯದಾಗಿ ಡಾಕರ್. ಒಂದೇ ಸರ್ವರ್, ಒಂದೇ ಆ್ಯಪ್ ಇರುವಾಗ ಅದು ಬೇಕಿಲ್ಲ, ಮೇಲೆ ಹೇಳಿದ ಯೂನಿಟ್ ಸಾಕು. ಈಗಾಗಲೇ ಡಾಕರ್ ಬಳಸುವ ಜಾಗದಲ್ಲಿ ಓಡಿಸಬೇಕಾದರೆ ಬ್ಯೂನಸ್ ಐರಿಸ್ ಸ್ಮಾಲ್‌ಟಾಕ್ ಬಳಗ ಪ್ರಕಟಿಸುವ ಫಾರೋ ಕಂಟೇನರ್‌ಗಳಿಂದ ಶುರು ಮಾಡಿ. ಒಂದು ವಿಷಯ ಮಾತ್ರ ನೆನಪಿಡಿ. ಕಂಟೇನರ್‌ನೊಳಗೆ ವಿಎಂ ನೇರವಾಗಿ ಓಡಿದರೆ ಅದರ ಪ್ರೋಸೆಸ್ ಸಂಖ್ಯೆ 1 ಆಗುತ್ತದೆ. ಆ ಸಂಖ್ಯೆಯ ಪ್ರೋಸೆಸ್ ತಾನಾಗಿ ಹಿಡಿಯದ ಟರ್ಮ್ ಸಿಗ್ನಲನ್ನು ಲಿನಕ್ಸ್ ಕರ್ನಲ್ ಅದಕ್ಕೆ ತಲುಪಿಸುವುದೇ ಇಲ್ಲ. ನಿಲ್ಲಿಸು ಅಂದಾಗಲೆಲ್ಲ ಡಾಕರ್ 10 ಸೆಕೆಂಡ್ ಕಾದು ಆಮೇಲೆ ಬಲವಂತವಾಗಿ ಕೊಲ್ಲುತ್ತದೆ. ಓಡಿಸುವಾಗ ಇನಿಟ್ ಆಯ್ಕೆ ಕೊಟ್ಟರೆ ಸಂಖ್ಯೆ 1ರಲ್ಲಿ ಒಂದು ಚಿಕ್ಕ ಪ್ರೋಗ್ರಾಂ ಕೂತು ಸಿಗ್ನಲ್‌ಗಳನ್ನು ವಿಎಂಗೆ ದಾಟಿಸುತ್ತದೆ. ಡೇಟಾ ಫೈಲಿನ ದಾರಿ ಹಿಡಿದಿದ್ದರೆ ಆ ಫೋಲ್ಡರನ್ನು ವಾಲ್ಯೂಮ್ ಆಗಿ ಹೊರಗಿಡಿ. ಕ್ರ್ಯಾಶ್ ಡಂಪ್ ಬರೆಯುವ ಫೋಲ್ಡರನ್ನೂ ಹಾಗೆಯೇ ಹೊರಗಿಡಿ, ಇಲ್ಲದಿದ್ದರೆ ಹೊಸ ಕಂಟೇನರ್ ಬಂದಾಗ ಹಳೆಯದರ ಜೊತೆ ಆ ಸ್ಟಾಕ್‌ಗಳೂ ಅಳಿಸಿಹೋಗುತ್ತವೆ.